ಬಾಗಿಲು ಯಾವ ಕಡೆ, ದೇಶ ಆ ಕಡೆ

ಮಗ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿದ್ದಾನೆ. ಮೂರು ತಿಂಗಳಿಗೆಂದು ಹೋದ ನಾವು ಗಂಡ ಹೆಂಡತಿ ಮೊದಲ ತಿಂಗಳಲ್ಲೇ ಗಾಳಿಯಂತ್ರ, ಟ್ಯೂಲಿಪ್, ಆಮ್‌ಸ್ಟರ್‌ಡ್ಯಾಮಿನ ಕಾಲುವೆ ಎಲ್ಲ ನೋಡಿ ಮುಗಿಸಿದ್ದೆವು. ಒಂದು ರಾತ್ರಿ ಊಟವಾದ ಮೇಲೆ ಮಗ ಲ್ಯಾಪ್‌ಟಾಪ್ ತಂದು ಮುಂದಿಟ್ಟು, "ಅಪ್ಪ, ಇದು ಯಾವ ಹೋಬಳಿ ನಕಾಶೆ ಹೇಳಿ ನೋಡೋಣ" ಅಂದ. ಕನ್ನಡಕ ಏರಿಸಿ ನೋಡಿದೆ. ಒಂದು ಊರು. ಊರಿನ ಮೈಮೇಲೆಲ್ಲ ತೇಪೆ ಹಾಕಿದ ಹಾಗೆ ಚೂರು ಚೂರು ಜಮೀನು. ಕೆಲವು ಚೂರಿನ ಹೊಟ್ಟೆಯಲ್ಲಿ ಮತ್ತೊಂದು ಚೂರು.

ತುಮಕೂರು ಜಿಲ್ಲೆಯ ಸರ್ವೆ ಕಚೇರಿಗಳಲ್ಲಿ ಮೂವತ್ತೊಂದು ವರ್ಷ ಸರಪಳಿ ಹಿಡಿದವನು ನಾನು. "ಅಳೆದು ಭಾಗ ಮಾಡದ, ಪೋಡಿಯಾಗದ ಇನಾಮ್ತಿ ಊರು. ಅಣ್ಣ ತಮ್ಮಂದಿರು ಜಗಳ ಆಡ್ಕೊಂಡು ಕೋರ್ಟಿಗೆ ಹೋಗಿರ್ತಾರೆ" ಅಂದೆ.

ಮಗ ನಕ್ಕ. "ಎರಡು ದೇಶದ ಗಡಿ ಅಪ್ಪ ಇದು. ಬಾರ್ಲೆ ಅಂತ ಊರು. ಸುತ್ತ ಇರೋದು ನೆದರ್‌ಲ್ಯಾಂಡ್ಸ್, ಚೂರುಗಳು ಬೆಲ್ಜಿಯಂ, ಚೂರಿನೊಳಗಿನ ಚೂರು ಮತ್ತೆ ನೆದರ್‌ಲ್ಯಾಂಡ್ಸ್."

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋಗೋಣ ಅಂತ ಹೊರಟಾಗ ಇವಳು ಮಾತ್ರ ಬರಲೊಲ್ಲೆ ಅಂದಳು. "ನೀವು ಜಮೀನು ಅಳೆಯೋದನ್ನ ಸರ್ವಿಸ್ ಪೂರ್ತಿ ನೋಡಿದೀನಿ, ರಜದಲ್ಲೂ ನೋಡ್ಬೇಕಾ? ನಾನು ಮೊಮ್ಮಗಳ ಜೊತೆ ಇರ್ತೀನಿ." ಇಷ್ಟು ಹೇಳಿ ಚಪಾತಿ, ಪುಳಿಯೋಗರೆ ಗೊಜ್ಜು, ಒಂದು ಸ್ಟೀಲ್ ಡಬ್ಬಿ ತುಂಬ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಆ ಡಬ್ಬಿಯ ವಿಚಾರ ಕೊನೆಗೆ ಬರುತ್ತದೆ.

ಶುಕ್ರವಾರ

ಮೇ ಕೊನೆಯ ವಾರ. ಸೈಕಲ್ ಸಮೇತ ರೈಲಿನಲ್ಲಿ ಟಿಲ್ಬರ್ಗ್‌ವರೆಗೆ ಹೋದೆವು. ವಾರದ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಆಫೀಸಿನ ಹೊತ್ತಿಗೆ ರೈಲಿಗೆ ಸೈಕಲ್ ಹತ್ತಿಸಲು ಬಿಡುವುದಿಲ್ಲ, ಸೈಕಲ್ಲಿಗೂ ಬೇರೆ ಟಿಕೆಟ್ ಬೇಕು. ಹಾಗಾಗಿ ಹನ್ನೊಂದರ ಸುಮಾರಿಗೆ ಹೊರಟಿದ್ದು.

ಟಿಲ್ಬರ್ಗ್‌ನಿಂದ ಬೆಲ್ಜಿಯಂನ ಟರ್ನ್‌ಹೌಟ್‌ಗೆ ಒಂದು ಕಾಲದಲ್ಲಿ ರೈಲು ಓಡುತ್ತಿತ್ತು. 1867ರಲ್ಲಿ ಶುರುವಾದ ಲೈನು. 1934ರಲ್ಲಿ ಪ್ರಯಾಣಿಕರ ಗಾಡಿ ನಿಂತಿತು, 1973ರವರೆಗೆ ಗೂಡ್ಸ್ ಓಡಿತು. ಆಮೇಲೆ ಹಳಿ ಕಿತ್ತು ಡಾಂಬರು ಹಾಕಿ ಸೈಕಲ್ ದಾರಿ ಮಾಡಿದ್ದಾರೆ. ಒಟ್ಟು ಉದ್ದ 31 ಕಿಲೋಮೀಟರ್. ಜನ ಇದನ್ನು ಪ್ರೀತಿಯಿಂದ 'ಬೆಲ್ಸ್ ಲೈನ್ಚೆ' ಅನ್ನುತ್ತಾರೆ. ಬೆಲ್ಜಿಯಂನ ಪುಟ್ಟ ಲೈನು ಅಂತ ಅರ್ಥ.

ರೈಲಿಗೆ ಹಾಕಿದ ದಾರಿಯಾದ್ದರಿಂದ ಸರಪಳಿ ಬಿಗಿದು ಎಳೆದ ಹಾಗೆ ನೇರ. ಎರಡೂ ಕಡೆ ಓಕ್ ಮರ, ಮರದಾಚೆ ಆಗತಾನೆ ಮೊಳಕೆಯೊಡೆದ ಮುಸುಕಿನ ಜೋಳ, ಕಪ್ಪು ಬಿಳಿ ಹಸುಗಳು, ಗದ್ದೆಗೆ ಹೊಸದಾಗಿ ಬಿಟ್ಟ ಸಗಣಿ ನೀರಿನ ಘಾಟು. ರೀಲ್ ದಾಟಿ ಆಲ್ಫನ್ ಹತ್ತಿರ ಬರುವಾಗ ಪೈನ್ ಕಾಡು. ಮಣ್ಣು ನೋಡಿದರೆ ಬರೀ ಮರಳು. ಸಮುದ್ರಕ್ಕಿಂತ ತಗ್ಗಿನಲ್ಲಿರುವ ದೇಶ ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಅದು ಪಶ್ಚಿಮದ ಕಡೆಯ ಮಾತು. ಇಲ್ಲಿ ಕೆಂಪನ್ ಅಂತ ಕರೆಯುವ ಈ ಮರಳು ಬಯಲು ಸಮುದ್ರ ಮಟ್ಟಕ್ಕಿಂತ ಮೇಲೇ ಇದೆ, ಮತ್ತು ಒಂದು ಕಾಲಕ್ಕೆ ಪೂರ್ತಿ ಬಡ ನೆಲ. ಕುರುಚಲು ಹೀದರ್ ಗಿಡ ಬಿಟ್ಟರೆ ಏನೂ ಬೆಳೆಯುತ್ತಿರಲಿಲ್ಲ.

ಒಂದು ಎಚ್ಚರಿಕೆ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ನಾವು ಹೋಗುತ್ತಿದ್ದದ್ದೂ ನೈಋತ್ಯಕ್ಕೇ. ಇಪ್ಪತ್ತು ಕಿಲೋಮೀಟರ್ ಅಂದರೆ ಲೆಕ್ಕಕ್ಕೇ ಇಲ್ಲ ಅಂದುಕೊಂಡವನಿಗೆ ಆಲ್ಫನ್ ಬರುವಷ್ಟರಲ್ಲಿ ತೊಡೆ ಗಟ್ಟಿಯಾಗಿ ಕೂತು ಅವಲಕ್ಕಿ ತಿನ್ನಬೇಕಾಯಿತು. ನನ್ನದು ಬ್ಯಾಟರಿ ಸೈಕಲ್ಲು ಅನ್ನುವುದನ್ನು ಇಲ್ಲಿ ಹೇಳದಿದ್ದರೆ ಮಗ ಸುಮ್ಮನಿರುವುದಿಲ್ಲ.

ಊರು ಬಂದದ್ದು ಗೊತ್ತಾದದ್ದು ಕಾರುಗಳಿಂದ. ಅಲ್ಲಿಯವರೆಗೆ ಎಲ್ಲ ಹಳದಿ ನಂಬರ್ ಪ್ಲೇಟು, ಇದ್ದಕ್ಕಿದ್ದ ಹಾಗೆ ಬಿಳಿ ಪ್ಲೇಟಿನ ಮೇಲೆ ಕೆಂಪು ಅಕ್ಷರದವು ಶುರುವಾದವು, ಅಂದರೆ ಬೆಲ್ಜಿಯಂ. ಐವತ್ತು ಹೆಜ್ಜೆಗೆ ಮತ್ತೆ ಹಳದಿ. ಜೇಬಿನಲ್ಲಿ ಮೊಬೈಲು ಒಂದೇ ಸಮನೆ ಟಣ್ ಅನ್ನತೊಡಗಿತು: ಬೆಲ್ಜಿಯಂಗೆ ಸ್ವಾಗತ, ನೆದರ್‌ಲ್ಯಾಂಡ್ಸ್‌ಗೆ ಸ್ವಾಗತ, ಬೆಲ್ಜಿಯಂಗೆ ಸ್ವಾಗತ. ಗೃಹಪ್ರವೇಶದಲ್ಲಿ ಬಾಗಿಲಲ್ಲಿ ನಿಲ್ಲಿಸಿದ ಚಿಕ್ಕ ಹುಡುಗನ ಹಾಗೆ.

ಉಳಿದುಕೊಂಡದ್ದು ಒಬ್ಬ ವಯಸ್ಸಾದ ಹೆಂಗಸು ತಮ್ಮ ಮನೆಯಲ್ಲೇ ನಡೆಸುವ ಎರಡು ಕೋಣೆಯ ತಂಗುಮನೆಯಲ್ಲಿ. ಕೋಣೆ ತೋರಿಸಿ ಕಿಟಕಿಯ ಕಡೆ ಕೈ ಮಾಡಿ ಮಗನಿಗೆ ಏನೋ ಹೇಳಿದರು. ಗಡಿ ಕೋಣೆಯ ನಡುವೆ ಹಾದಿದೆಯಂತೆ. ಮನೆಯ ಬಾಗಿಲು ನೆದರ್‌ಲ್ಯಾಂಡ್ಸ್, ಮಂಚದ ತಲೆದೆಸೆ ಬೆಲ್ಜಿಯಂ. ನನಗೆ ಅದಕ್ಕಿಂತ ದೊಡ್ಡ ತೊಂದರೆ ಬೇರೆ ಕಂಡಿತು. ತಲೆದೆಸೆ ಸರಿಯಾಗಿ ಉತ್ತರಕ್ಕಿತ್ತು. ಉತ್ತರಕ್ಕೆ ತಲೆಯಿಟ್ಟು ಮಲಗಿ ಅಭ್ಯಾಸವಿಲ್ಲದ ನಾನು ದಿಂಬನ್ನು ಈಚೆ ಹಾಕಿಕೊಂಡು ಎರಡು ರಾತ್ರಿಯೂ ಕಾಲು ಬೆಲ್ಜಿಯಂಗೆ ಚಾಚಿ ಮಲಗಿದೆ.

ರಾತ್ರಿ ಊಟಕ್ಕೆ ಬಿಳಿ ಆಸ್ಪ್ಯಾರಗಸ್. ಇದು ಅದರ ಕಾಲ. ಜೂನ್ 24ರ ಸಂತ ಜಾನ್ ಹಬ್ಬಕ್ಕೆ ಕೊಯ್ಲು ನಿಲ್ಲಿಸಿಬಿಡುತ್ತಾರೆ. ಮರಳು ಮಣ್ಣಿನ ಏರಿಯೊಳಗೆ ಬಿಸಿಲು ಕಾಣದ ಹಾಗೆ ಬೆಳೆಸುವುದರಿಂದ ಬಿಳಿ. ಬೇಯಿಸಿ ಬೆಣ್ಣೆ ಸುರಿದು ಮೊಟ್ಟೆ ಪುಡಿಮಾಡಿ ಉದುರಿಸಿ ಕೊಡುತ್ತಾರೆ. ಪಕ್ಕದಲ್ಲಿ ಹಂದಿಮಾಂಸದ ಹಾಳೆ ಇದ್ದೇ ಇರುತ್ತದೆ, ಬೇಡದವರು ಮೊದಲೇ ಹೇಳಬೇಕು. ಎಳೆ ಬಾಳೆದಿಂಡನ್ನು ಬೆಣ್ಣೆಯಲ್ಲಿ ಅದ್ದಿದ ಹಾಗಿತ್ತು. ನಾನು ಕೊನೆಯ ಎರಡು ಕಡ್ಡಿಗೆ ಚಟ್ನಿಪುಡಿ ಹಾಕಿಕೊಂಡೆ. ಮಗ ಆಚೀಚೆ ನೋಡಿ ತಾನೂ ಕೈ ಚಾಚಿದ. ರಾತ್ರಿ ಹತ್ತಕ್ಕೂ ಹೊರಗೆ ಬೆಳಕಿತ್ತು.

ಶನಿವಾರ

ಬಾರ್ಲೆ ಊರು ಒಂದೇ, ಪುರಸಭೆ ಎರಡು. ನೆದರ್‌ಲ್ಯಾಂಡ್ಸಿನದು ಬಾರ್ಲೆ-ನಸ್ಸೌ, ಸುಮಾರು 76 ಚದರ ಕಿಲೋಮೀಟರ್, ಏಳು ಸಾವಿರದಷ್ಟು ಜನ. ಬೆಲ್ಜಿಯಂನದು ಬಾರ್ಲೆ-ಹೆರ್ಟೋಗ್, ಏಳೂವರೆ ಚದರ ಕಿಲೋಮೀಟರ್ ಇದ್ದರೆ ಹೆಚ್ಚು. ಆ ಏಳೂವರೆಯೂ ಒಂದು ಕಡೆ ಇಲ್ಲ. ಬೆಲ್ಜಿಯಂನ 22 ತುಂಡುಗಳು ನೆದರ್‌ಲ್ಯಾಂಡ್ಸಿನೊಳಗೆ ಬಿದ್ದಿವೆ. ಅವುಗಳೊಳಗೆ ನೆದರ್‌ಲ್ಯಾಂಡ್ಸಿನ 7 ತುಂಡು, ಆರು ಒಂದೇ ದೊಡ್ಡ ತುಂಡಿನ ಹೊಟ್ಟೆಯಲ್ಲಿ. ಎಂಟನೆಯದು ದಕ್ಷಿಣದಲ್ಲಿ ಬೆಲ್ಜಿಯಂನ ನೆಲದೊಳಗೇ ಇದೆ. ತುಂಡುಗಳಿಗೆ ಎಚ್ 1, ಎಚ್ 2, ಎನ್ 1, ಎನ್ 2 ಅಂತ ನಂಬರು. ನಮ್ಮ ಸರ್ವೆ ನಂಬರು, ಹಿಸ್ಸೆ ನಂಬರಿನ ಹಾಗೆಯೇ. ನನಗೆ ಒಂಥರಾ ಮನೆಗೆ ಬಂದಂತಾಯಿತು.

ಬೆಳಿಗ್ಗೆ ಎಂಟಕ್ಕೇ ರಸ್ತೆಗಿಳಿದೆ. ಗಡಿ ಹಾದುಹೋಗುವ ಕಡೆಯೆಲ್ಲ ಕಾಲುದಾರಿಯ ಮೇಲೆ ಬಿಳಿ ಕಲ್ಲಿನಿಂದ ಅಡ್ಡಗುರುತು ಹಾಕಿ, ಒಂದು ಕಡೆ ಎನ್‌ಎಲ್, ಇನ್ನೊಂದು ಕಡೆ ಬಿ ಅಂತ ಕೆತ್ತಿದ್ದಾರೆ. ಆ ಗುರುತು ಬೇಕರಿಯ ಬಾಗಿಲಿನ ಮುಂದೆ ಹಾದು, ಒಂದು ಕೆಫೆಯ ಮೇಜಿನ ಕಾಲುಗಳ ನಡುವೆ ನುಸುಳಿ, ಗೋಡೆಗೆ ಡಿಕ್ಕಿ ಹೊಡೆದು ಮಾಯವಾಗುತ್ತದೆ. ಗೋಡೆಯ ಆ ಕಡೆ ಹುಡುಕಿದರೆ ಮತ್ತೆ ಸಿಗುತ್ತದೆ. ಮನೆ ನಂಬರಿನ ಫಲಕದಲ್ಲಿ ಆಯಾ ದೇಶದ ಬಾವುಟ ಚಿಕ್ಕದಾಗಿ ಇರುವುದರಿಂದ ಅಕ್ಕಪಕ್ಕದ ಮನೆಯವರ ದೇಶ ಯಾವುದು ಅಂತ ಓದಿಕೊಂಡು ಹೋಗಬಹುದು.

ಲೋವೆರನ್ ಅನ್ನುವ ಬೀದಿಯಲ್ಲಿ ಗಡಿ ಒಂದು ಮನೆಯ ಮುಂಬಾಗಿಲನ್ನೇ ಸರಿಯಾಗಿ ನಡುವೆ ಸೀಳಿದೆ. ಬಾಗಿಲಿನ ಎಡಕ್ಕೊಂದು ನಂಬರು, ಬಲಕ್ಕೊಂದು ನಂಬರು. ನಾನು ಹೊಸ್ತಿಲ ಮುಂದೆ ನಿಂತು ಎರಡೂ ಕಡೆ ಹೆಜ್ಜೆ ಹಾಕಿ ಅಳೆಯುತ್ತಿದ್ದೆ. ನನ್ನ ಹೆಜ್ಜೆ ಎರಡೂವರೆ ಅಡಿ, ಇಷ್ಟು ವರ್ಷದಲ್ಲಿ ಅಂಗುಲವೂ ತಪ್ಪಿಲ್ಲ. ಅಷ್ಟರಲ್ಲಿ ಬುಟ್ಟಿ ಸೈಕಲ್ಲಿನ ಹಿರಿಯರೊಬ್ಬರು ನಿಲ್ಲಿಸಿ, "ಏನು ಕಳೆದುಕೊಂಡಿರಿ?" ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಾನು ನಿವೃತ್ತ ಭೂಮಾಪಕ ಅಂತ ಮಗ ಹೇಳಿದ್ದೇ ತಡ, ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿಬಿಟ್ಟರು. ಅವರು ನಿವೃತ್ತ ಮೇಷ್ಟ್ರು. ಎರಡು ತಾಸು ನಮ್ಮನ್ನು ಬಿಡಲಿಲ್ಲ.

ಇಲ್ಲಿ ಮನೆ ಯಾವ ದೇಶಕ್ಕೆ ಸೇರಿದ್ದು ಅನ್ನುವುದನ್ನು ಮುಂಬಾಗಿಲು ತೀರ್ಮಾನಿಸುತ್ತದೆ ಅಂದರು ಮೇಷ್ಟ್ರು. ಬಾಗಿಲು ಯಾವ ಕಡೆಯೋ ಕಂದಾಯ ಆ ಕಡೆ. ಹಾಗಾಗಿ ಬಾಗಿಲನ್ನು ನಾಲ್ಕು ಅಡಿ ಸರಿಸಿ ದೇಶ ಬದಲಾಯಿಸಿಕೊಂಡವರ ಕಥೆಗಳು ಊರಲ್ಲಿ ಬೇಕಾದಷ್ಟಿವೆ. ನಮ್ಮಲ್ಲಿ ವಾಸ್ತುವಿಗಾಗಿ ಬಾಗಿಲು ಒಡೆಸುವವರನ್ನು ನೋಡಿದ್ದೇನೆ. ಇಲ್ಲಿ ಕಟ್ಟಡದ ಪರವಾನಗಿ ಯಾವ ಕಡೆ ಸಲೀಸು ಅಂತ ನೋಡಿ ಒಡೆಸುತ್ತಾರೆ.

ಈ ಚೂರುಗಳು ಬಂದದ್ದು ಹೇಗೆ? ಚೌಕದ ಕೆಫೆಯಲ್ಲಿ ಸೇಬಿನ ಕೇಕು, ಕಾಫಿ ತರಿಸಿ ಮೇಷ್ಟ್ರು ಸಕ್ಕರೆ ಪೊಟ್ಟಣಗಳನ್ನು ಮೇಜಿನ ಮೇಲೆ ಹರಡಿದರು. 1198ರಲ್ಲಿ ಈ ಬ್ರಬಾಂಟ್ ಸೀಮೆಯ ಡ್ಯೂಕ್ ಒಂದನೇ ಹೆನ್ರಿಗೂ ಬ್ರೇಡಾದ ಒಡೆಯ ಗಾಡ್‌ಫ್ರೀಡ್‌ಗೂ ಒಂದು ಒಪ್ಪಂದವಾಯಿತು. ಬ್ರೇಡಾದವನು ಡ್ಯೂಕನ ಆಶ್ರಯಕ್ಕೆ ಬಂದ, ಡ್ಯೂಕ್ ಅವನಿಗೆ ಬಾರ್ಲೆಯ ಸುತ್ತಿನ ನೆಲವನ್ನು ಜಹಗೀರಿಯಾಗಿ ಬಿಟ್ಟುಕೊಟ್ಟ. ಆದರೆ ಆಗಲೇ ತನ್ನ ಒಕ್ಕಲುಗಳಿದ್ದ, ತನಗೆ ಕಂದಾಯ ಬರುತ್ತಿದ್ದ ಹೊಲಗಳನ್ನು ಬಿಡಲಿಲ್ಲ. ಡ್ಯೂಕನಿಗೆ ಡಚ್ಚಿನಲ್ಲಿ ಹೆರ್ಟೋಗ್. ಅವನ ಹೊಲಗಳು ಬಾರ್ಲೆ-ಹೆರ್ಟೋಗ್ ಆದವು. ಉಳಿದದ್ದು ಬ್ರೇಡಾದ್ದು. 15ನೇ ಶತಮಾನದ ಆರಂಭದಲ್ಲಿ ಮದುವೆ ಸಂಬಂಧದಿಂದ ಬ್ರೇಡಾ ನಸ್ಸೌ ಮನೆತನದ ಕೈಸೇರಿತು, ಹಾಗಾಗಿ ಅದು ಬಾರ್ಲೆ-ನಸ್ಸೌ. ಈಗಿನ ನೆದರ್‌ಲ್ಯಾಂಡ್ಸಿನ ರಾಜಮನೆತನದ ಹೆಸರಿನಲ್ಲೂ ಆ ನಸ್ಸೌ ಇದೆ.

ನನಗೆ ಅಷ್ಟು ಕೇಳಿದ್ದೇ ಚಿತ್ರ ಪೂರ್ತಿಯಾಯಿತು. ಸಾಗುವಳಿ ಜಮೀನು ದೊರೆ ಇಟ್ಟುಕೊಂಡ, ಖರಾಬು ಕೊಟ್ಟ. ಅಷ್ಟೇ ತಾನೆ! ಆ ಮರಳು ನೆಲದಲ್ಲಿ ಸಾಗುವಳಿ ಅನ್ನುವುದು ಸುಮ್ಮನೆ ಬಂದದ್ದಲ್ಲ. ಹೀದರ್ ಬಯಲಿನಿಂದ ಬೇರು ಸಮೇತ ಮಣ್ಣಿನ ಹೆಪ್ಪೆ ಕೆತ್ತಿ ತಂದು ಕೊಟ್ಟಿಗೆಯಲ್ಲಿ ಕುರಿ ದನಗಳ ಕೆಳಗೆ ಹಾಸಿ, ಗೊಬ್ಬರವಾದ ಮೇಲೆ ಹೊಲಕ್ಕೆ ಹಾಕುತ್ತಿದ್ದರು. ಶತಮಾನಗಟ್ಟಲೆ ಹಾಗೆ ಹಾಕಿ ಹಾಕಿ ಹಳೆಯ ಹೊಲಗಳ ಕರಿಮಣ್ಣು ಕೆಲವು ಕಡೆ ಗಜದಷ್ಟು ದಪ್ಪ ಏರಿದೆ. ಇಲ್ಲಿ ನಾಲ್ಕು ಗುಂಟೆ ಹೊಲವೆಂದರೆ ನಾಲ್ಕು ತಲೆಮಾರಿನ ಸಗಣಿ. ಯಾವ ದೊರೆ ಬಿಟ್ಟುಕೊಡುತ್ತಾನೆ?

1648ರಲ್ಲಿ ಸ್ಪೇನಿನ ಜೊತೆ ಒಪ್ಪಂದವಾದಾಗ ಬ್ರೇಡಾದ ನೆಲ ಡಚ್ಚರಿಗೆ, ಡ್ಯೂಕನ ನೆಲ ಸ್ಪೇನಿನ ದೊರೆಗೆ ಉಳಿಯಿತು. 1830ರಲ್ಲಿ ಬೆಲ್ಜಿಯಂ ಬೇರೆಯಾಯಿತು. 1843ರಲ್ಲಿ ಎರಡೂ ಸರ್ಕಾರ ಕೂತು ಗಡಿಯುದ್ದಕ್ಕೂ ಎರಕದ ಕಬ್ಬಿಣದ ಕಂಬ ನೆಟ್ಟು ನಂಬರು ಹಾಕಿಕೊಂಡು ಬಂದವು. ಪೂರ್ವದಿಂದ 214ನೇ ಕಂಬದವರೆಗೆ ಸಲೀಸಾಗಿ ಬಂದರು, ಅಲ್ಲಿ ಬಾರ್ಲೆ ಎದುರಾಯಿತು. ಗೆರೆ ಎಳೆಯುವುದು ಸಾಧ್ಯವಿಲ್ಲ ಅನಿಸಿ, ಊರನ್ನು ಹಾಗೇ ಬಿಟ್ಟು ಆಚೆ ಬದಿಯಿಂದ 215ನೇ ಕಂಬ ಶುರುಮಾಡಿದರು. ನಡುವಿನದಕ್ಕೆ ಗೆರೆ ಬದಲು ಪಟ್ಟಿ. ಒಟ್ಟು 5,732 ತಾಕುಗಳು, ಒಂದೊಂದರ ಎದುರಿಗೂ ಇದು ಯಾವ ದೇಶದ್ದು ಅಂತ ಬರೆದಿಟ್ಟರು. ಗಡಿ ಅನ್ನುವುದು ನಕಾಶೆಯಲ್ಲಿಲ್ಲ, ಪಹಣಿಯಲ್ಲಿದೆ! ಮೇಷ್ಟ್ರಿಗೆ ಪಹಣಿ ಅಂದರೇನು ಅಂತ ಮಗ ವಿವರಿಸುವಷ್ಟರಲ್ಲಿ ಕಾಫಿ ಆರಿತು. ಇದೆಲ್ಲ ಕಾಗದದ ಮೇಲೆ ಪೂರ್ತಿ ಗಡಿರೇಖೆಯಾಗಿ ಮುಗಿದದ್ದು 1995ರಲ್ಲಿ.

ಇದರ ಫಜೀತಿಗಳನ್ನು ಜನ ತಮಾಷೆಯಾಗಿ ಹೇಳುತ್ತಾರೆ. ಹಿಂದೆ ನೆದರ್‌ಲ್ಯಾಂಡ್ಸಿನಲ್ಲಿ ಹೋಟೆಲುಗಳನ್ನು ಬೇಗ ಮುಚ್ಚಬೇಕಿದ್ದಾಗ ಗಿರಾಕಿಗಳು ಲೋಟ ಹಿಡಿದು ಬೆಲ್ಜಿಯಂ ಕಡೆಯ ಮೇಜಿಗೆ ಎದ್ದು ಹೋಗುತ್ತಿದ್ದರಂತೆ. 2020ರಲ್ಲಿ ಕೊರೊನಾ ಬಂದಾಗ ಬೆಲ್ಜಿಯಂ ಅಂಗಡಿಗಳನ್ನು ಮುಚ್ಚಿಸಿತು, ನೆದರ್‌ಲ್ಯಾಂಡ್ಸ್ ಮುಚ್ಚಿಸಲಿಲ್ಲ. ಗಡಿ ಹಾದಿದ್ದ ಒಂದು ಬಟ್ಟೆ ಅಂಗಡಿಯಲ್ಲಿ ಅರ್ಧಕ್ಕೆ ಟೇಪು ಕಟ್ಟಿ, ಆ ಕಡೆಯ ಬಟ್ಟೆ ಮುಟ್ಟುವ ಹಾಗಿಲ್ಲ ಅಂದಿದ್ದರು. ಈಗಲೂ ಹದಿನಾರರ ಹುಡುಗನಿಗೆ ಬೆಲ್ಜಿಯಂ ಕಡೆ ಬಿಯರು ಸಿಗುತ್ತದೆ, ಈ ಕಡೆ ಹದಿನೆಂಟಾಗಬೇಕು. ಪಟಾಕಿ ಕೊಳ್ಳಲು ಡಚ್ಚರು ವರ್ಷವಿಡೀ ಬೆಲ್ಜಿಯಂ ಚೂರುಗಳಿಗೆ ಬರುತ್ತಾರೆ. ಇಂಥ ಸಣ್ಣ ಊರಿನಲ್ಲಿ ಅಷ್ಟು ದೊಡ್ಡ ಪಟಾಕಿ ಅಂಗಡಿಗಳೇಕೆ ಅಂತ ಬಂದಾಗಿನಿಂದ ಯೋಚಿಸುತ್ತಿದ್ದೆ.

ತಮಾಷೆಯಲ್ಲದ ಕಾಲವೂ ಇತ್ತು. ಸಂತ ರೆಮಿಜಿಯಸ್ ಚರ್ಚಿನ ಎದುರು ನಿಂತು ಮೇಷ್ಟ್ರು ಮೊದಲ ಮಹಾಯುದ್ಧದ ಕಥೆ ಹೇಳಿದರು. ಜರ್ಮನಿ ಇಡೀ ಬೆಲ್ಜಿಯಂ ನುಂಗುತ್ತಾ ಬಂದರೂ ಈ ಚೂರುಗಳನ್ನು ಮುಟ್ಟಲಾಗಲಿಲ್ಲ. ಮುಟ್ಟಬೇಕಾದರೆ ತಟಸ್ಥವಾಗಿದ್ದ ನೆದರ್‌ಲ್ಯಾಂಡ್ಸ್ ದಾಟಬೇಕು. ಅದನ್ನೇ ಉಪಯೋಗಿಸಿಕೊಂಡು ಬೆಲ್ಜಿಯಂನವರು 1915ರಲ್ಲಿ ಇಲ್ಲಿ ಗುಟ್ಟಾಗಿ ವೈರ್‌ಲೆಸ್ ಕೇಂದ್ರ ಕಟ್ಟಿ ಮಿತ್ರಪಡೆಗಳಿಗೆ ಸುದ್ದಿ ಕಳಿಸಿದರು. ಜರ್ಮನಿಗೆ ಕೋಪ ಬಂದೀತೆಂದು ಡಚ್ಚರು ಚೂರುಗಳ ಸುತ್ತ ಬೇಲಿ ಹಾಕಿಸಿ ಕಾವಲಿಟ್ಟರು. ಎರಡನೇ ಯುದ್ಧ ಮುಗಿದ ಮೇಲೆ ಬೆಣ್ಣೆಯ ಕಾಲ. ನೆದರ್‌ಲ್ಯಾಂಡ್ಸಿನಲ್ಲಿ ಬೆಣ್ಣೆ ಅಗ್ಗ, ಬೆಲ್ಜಿಯಂನಲ್ಲಿ ದುಬಾರಿ. ಮೇಷ್ಟ್ರ ಚಿಕ್ಕಪ್ಪ ಕೋಟಿನೊಳಗೆ ಬೆಣ್ಣೆ ಮುದ್ದೆ ಕಟ್ಟಿಕೊಂಡು ಹೋಗುತ್ತಿದ್ದವರು. ಒಮ್ಮೆ ಕಸ್ಟಮ್ಸ್‌ನವನು ಅನುಮಾನ ಬಂದು, ಬಾ ಮಾತಾಡೋಣ ಅಂತ ಒಲೆ ಪಕ್ಕ ಕುರ್ಚಿ ಹಾಕಿ ಕೂರಿಸಿದನಂತೆ. ಅರ್ಧ ಗಂಟೆಯಲ್ಲಿ ಪ್ಯಾಂಟಿನ ಕಾಲಿನಿಂದ ಸತ್ಯ ಇಳಿಯಿತು. ಬೆಣ್ಣೆ ಸಾಗಿಸಿದವರ ಮನೆಗಳಲ್ಲೆಲ್ಲ ಇಂಥದೊಂದು ಕಥೆ ಇರಬೇಕು, ಆದರೆ ಮೇಷ್ಟ್ರು ಕುರ್ಚಿಯಿಂದ ಎದ್ದು ನಟಿಸಿ ತೋರಿಸಿದ್ದರಿಂದ ನಾನು ನಂಬಿದೆ.

ಕೊನೆಗೆ ಹೊರಟಾಗ ಮೇಷ್ಟ್ರು ಕೈಯೆತ್ತಿ "ಹೌದೂ!" ಅಂದರು. ನಾನು ಬೆಚ್ಚಿ ನಿಂತೆ. "ಏನು ಹೌದು?" ಮಗ ನಗುತ್ತ ಹೇಳಿದ: ಬ್ರಬಾಂಟಿನ ಕಡೆ ಹೋಗಿಬರುತ್ತೇನೆ ಅನ್ನುವುದಕ್ಕೆ ಹೀಗೇ ಅನ್ನುತ್ತಾರೆ. ಆಮೇಲೆ ನಾನು ಅಂಗಡಿ, ಬೇಕರಿ, ಸಿಕ್ಕಸಿಕ್ಕ ಕಡೆಯೆಲ್ಲ ಹೌದು ಹೌದು ಅನ್ನುತ್ತ ಓಡಾಡಿದೆ. ಉಚ್ಚಾರಣೆಗೆ ಒಬ್ಬರೂ ತಪ್ಪು ಹಿಡಿಯಲಿಲ್ಲ.

ಆ ಸಂಜೆ ಒಂದು ಎಡವಟ್ಟೂ ಆಯಿತು. ಬೆಲ್ಜಿಯಂ ಕಡೆಯ ಒಂದು ಗಾಡಿಯಲ್ಲಿ ಆಲೂಗಡ್ಡೆ ಫ್ರೈಸ್ ತಿಂದೆ. ಅಂಥ ರುಚಿ ನಾನು ಬೇರೆಲ್ಲೂ ಕಂಡಿಲ್ಲ, ಹೊರಗೆ ಗರಿ, ಒಳಗೆ ಹಿಟ್ಟು. ಪೊಟ್ಟಣ ಮುಗಿದ ಮೇಲೆ ಏನು ಎಣ್ಣೆ ಅಂತ ಕೇಳಿದೆ. ದನದ ಕೊಬ್ಬು. ಬೆಲ್ಜಿಯಂನಲ್ಲಿ ಹಳೇ ಪದ್ಧತಿಯೇ ಅದಂತೆ, ಡಚ್ಚರ ಕಡೆ ಬಹಳ ಮಟ್ಟಿಗೆ ಸಸ್ಯದ ಎಣ್ಣೆ. ತಪ್ಪು ಗಾಡಿಯವನದಲ್ಲ, ನಾನು ಕೇಳಬೇಕಿತ್ತು. ಸಸ್ಯಾಹಾರಿಗಳು ಮೊದಲು ಎಣ್ಣೆ ಕೇಳಿ, ಆಮೇಲೆ ದುಡ್ಡು ಕೊಡಿ. ಬಿಳಿ ಗೆರೆ ನಾಲ್ಕು ಅಡಿ ಆಚೆ ಇತ್ತು. ರಾತ್ರಿ ಫೋನಿನಲ್ಲಿ ಇವಳಿಗೆ ಈ ವಿಷಯ ಹೇಳಲಿಲ್ಲ. ಈಗ ಓದಿ ತಿಳಿಯುತ್ತದೆ.

ಭಾನುವಾರ

ಬೆಳಿಗ್ಗೆಯೇ ಮೋಡ. ಪಶ್ಚಿಮಕ್ಕೆ ಕಾಸ್ಟೆಲ್ರೇ ಅನ್ನುವ ಹಳ್ಳಿಯ ಕಡೆ ಹೊರಟೆವು. ಈ ನಾಡಿನಲ್ಲಿ ಸೈಕಲ್ಲಿಗೆ ದಾರಿ ಕೇಳುವ ಕೆಲಸವಿಲ್ಲ. ದಾರಿ ಕೂಡುವಲ್ಲೆಲ್ಲ ನಂಬರು ಇರುತ್ತದೆ, ಹೋಗಬೇಕಾದ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡರಾಯಿತು. ಫಲಕ ಬಿಳಿ ಮೇಲೆ ಹಸಿರಾಗಿದ್ದರೆ ನೆದರ್‌ಲ್ಯಾಂಡ್ಸ್, ನೀಲಿಯಾಗಿದ್ದರೆ ಬೆಲ್ಜಿಯಂ. ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಡಚ್ಚರ ಕೆಂಪು ಡಾಂಬರು ರೇಷ್ಮೆಯ ಹಾಗೆ, ಬೆಲ್ಜಿಯಂನ ಕಾಂಕ್ರೀಟ್ ಹಾಸು ಸಂದು ಸಂದಿಗೂ ಧಡಕ್ ಧಡಕ್.

ಕಾಸ್ಟೆಲ್ರೇ ಬೆಲ್ಜಿಯಂನೊಳಕ್ಕೆ ನಾಲಿಗೆಯ ಹಾಗೆ ಚಾಚಿಕೊಂಡ ಡಚ್ಚರ ನೆಲ. ಅದರ ಅಂಚಿನಲ್ಲಿ ಮರ್ಕ್ಸ್ಕೆ ಅನ್ನುವ ತೊರೆ. ನಮ್ಮಲ್ಲಾದರೆ ಹಳ್ಳ ಅನ್ನುತ್ತೇವೆ, ಎಮ್ಮೆ ಅಡ್ಡ ಮಲಗಿದರೆ ತುಂಬಿಹೋಗುವಷ್ಟು ಅಗಲ. ಆದರೆ ಇದೇ ಗಡಿ. ಬೇರೆ ಕಡೆಯ ತೊರೆಗಳನ್ನೆಲ್ಲ ಕಾಲುವೆಯ ಹಾಗೆ ನೆಟ್ಟಗೆ ಮಾಡಿದ ದೇಶದಲ್ಲಿ ಇದು ಇನ್ನೂ ತನಗೆ ಬೇಕಾದ ಹಾಗೆ ಡೊಂಕು ಡೊಂಕಾಗಿ ಹರಿಯುತ್ತದೆ. ದಡದಲ್ಲಿ ಆಲ್ಡರ್ ಮರ, ಮೊಣಕಾಲೆತ್ತರ ಹುಲ್ಲು, ಹುಲ್ಲಿನಲ್ಲಿ ಹಳದಿ ಹೂ. ಸೇತುವೆಯ ಮೇಲೆ ಕೂತು ಚಪಾತಿ ತಿಂದೆವು. ಅರ್ಧ ಗಂಟೆಯಲ್ಲಿ ದಾಟಿದ್ದು ಒಂದು ಬಾತುಕೋಳಿ ಮತ್ತು ಅದರ ಏಳು ಮರಿಗಳು.

ಅಲ್ಲಿಂದ ಝೊಂಡರೈಖನ್. ಇದು ಬಾರ್ಲೆ-ಹೆರ್ಟೋಗ್‌ನ ಪೈಕಿ ಬೆಲ್ಜಿಯಂಗೆ ಸರಿಯಾಗಿ ಅಂಟಿಕೊಂಡಿರುವ ಭಾಗ. ಇಲ್ಲಿಗೆ ಬರಲು ನನಗೆ ಎರಡು ಕಾರಣ ಇತ್ತು. ಒಂದು, ಸಾವಿನ ತಂತಿ. ಜರ್ಮನ್ನರು 1915ರಲ್ಲಿ ಬೆಲ್ಜಿಯಂ ಜನ ತಪ್ಪಿಸಿಕೊಂಡು ಹೋಗದಂತೆ ಗಡಿಯುದ್ದಕ್ಕೂ 300 ಕಿಲೋಮೀಟರಿಗೂ ಹೆಚ್ಚು ವಿದ್ಯುತ್ ಬೇಲಿ ಹಾಕಿದರು. 2,000 ವೋಲ್ಟ್. ವಿದ್ಯುತ್ ಅಂದರೇನೆಂದೇ ಅರಿಯದ ಹಳ್ಳಿಗರು ಮುಟ್ಟಿ ಸತ್ತರು. ಅದರ ಒಂದು ತುಣುಕನ್ನು ಇಲ್ಲಿ ಮೊದಲಿದ್ದಂತೆ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಮರದ ಕಂಬಗಳು, ಬಿಳಿ ಪಿಂಗಾಣಿ ಬುಗುಟುಗಳು, ಬರೀ ತಂತಿ. ನಮ್ಮ ತೋಟಕ್ಕೆ ಹಂದಿ ಬರದಂತೆ ಕಟ್ಟುವುದು ಇದಕ್ಕಿಂತ ಭಯಂಕರವಾಗಿ ಕಾಣುತ್ತದೆ. ಮಗ ತಂತಿ ಮುಟ್ಟಲು ಹೋದ, ಕರೆಂಟಿಲ್ಲ ಅಂತ ಗೊತ್ತಿದ್ದರೂ ನಾನು ಅವನ ಕೈ ಹಿಡಿದುಕೊಂಡೆ.

ಎರಡನೆಯದು ನನ್ನ ಸ್ವಂತ ಹುಚ್ಚು. 91 ಮತ್ತು 92ನೇ ತಾಕು. ಎರಡೂ ಸೇರಿ 12 ಹೆಕ್ಟೇರ್, ಮೂವತ್ತು ಎಕರೆ ಅನ್ನಿ. 1841ರಲ್ಲಿ ಎರಡು ಊರಿನವರು ಕೂತು ಬರೆದ ಪಟ್ಟಿಯಲ್ಲಿ ಇವು ಬಾರ್ಲೆ-ನಸ್ಸೌ ಲೆಕ್ಕದಲ್ಲಿದ್ದವು. 1843ರ ಒಪ್ಪಂದಕ್ಕೆ ಸೇರಿಸಿದ ಪಟ್ಟಿಯಲ್ಲಿ ನೋಡಿದರೆ ಬಾರ್ಲೆ-ಹೆರ್ಟೋಗ್ ಲೆಕ್ಕ. ನೆದರ್‌ಲ್ಯಾಂಡ್ಸ್ ಅದು ನಕಲು ಮಾಡುವಾಗಿನ ಕೈತಪ್ಪು ಅಂದಿತು. ಅಲ್ಲದೆ ಹುಲ್ಲು ಗುತ್ತಿಗೆ ಕೊಟ್ಟವರು ನಾವು, ತೆರಿಗೆ ಎತ್ತಿದವರು ನಾವು ಅಂತ ವಾದಿಸಿತು. ವ್ಯಾಜ್ಯ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, 1959ರ ಜೂನ್ 20ರಂದು ಹತ್ತಕ್ಕೆ ನಾಲ್ಕು ಮತದಿಂದ ಬೆಲ್ಜಿಯಂ ಪರ ತೀರ್ಪಾಯಿತು. ಹುಲ್ಲು ಯಾರು ಕೊಯ್ದರೂ ಒಪ್ಪಂದದ ದಾಖಲೆಯೇ ದಾಖಲೆ ಅಂತ. ತಹಶೀಲ್ದಾರರ ಮುಂದೆ ಇದೇ ಜಗಳಕ್ಕೆ ನಾನು ಎಷ್ಟು ಸಲ ಟಿಪ್ಪಣಿ ಪುಸ್ತಕ ಹೊತ್ತು ನಿಂತಿದ್ದೇನೋ! ಒಬ್ಬನ ಹತ್ತಿರ ಕಾಗದ, ಇನ್ನೊಬ್ಬನ ಹತ್ತಿರ ಸ್ವಾಧೀನ. ಗುಮಾಸ್ತ ಬರೆದ ಎರಡು ಅಂಕಿ ಹೇಗ್‌ವರೆಗೆ ಹೋಯಿತಲ್ಲ ಅಂತ ನೆನೆದು ನನ್ನ ಹಳೆಯ ಬರಹಗಳ ಬಗ್ಗೆ ಸ್ವಲ್ಪ ಭಯವೂ ಆಯಿತು. ತಾಕಿನಲ್ಲಿ ನೋಡುವುದಕ್ಕೆ ಏನೂ ಇಲ್ಲ. ನಾವು ಅದೇ ಇರಬೇಕು ಅಂದುಕೊಂಡ ಬಯಲಿನಲ್ಲಿ ಹುಲ್ಲು ಬೆಳೆದಿತ್ತು.

ಭಾರತಕ್ಕೂ ಬಾಂಗ್ಲಾದೇಶಕ್ಕೂ ನಡುವೆ ಕೂಚ್ ಬಿಹಾರದ ಹತ್ತಿರ ಇದೇ ಥರದ 162 ಚೂರುಗಳಿದ್ದವು ಅಂತ ಮಗ ನೆನಪಿಸಿದ. ಅಲ್ಲಿ ಚೂರಿನೊಳಗಿನ ಚೂರಿನೊಳಗೂ ಒಂದು ಚೂರಿತ್ತು. 2015ರ ಜುಲೈ 31ರ ಮಧ್ಯರಾತ್ರಿ ಅದಲು ಬದಲು ಮಾಡಿ ಮುಗಿಸಿದರು. ಅಲ್ಲಿನ ಜನಕ್ಕೆ ಅಲ್ಲಿಯವರೆಗೆ ಕರೆಂಟಿಲ್ಲ, ಶಾಲೆಯಿಲ್ಲ, ಯಾವ ದೇಶದ ಪೊಲೀಸೂ ಇಲ್ಲ. ಬಾರ್ಲೆಯಲ್ಲಿ ಎರಡು ದೇಶದ ಪೊಲೀಸರೂ ಒಂದೇ ಠಾಣೆಯಲ್ಲಿ ಕೂರುತ್ತಾರೆ, ಗ್ರಂಥಾಲಯ ಎರಡೂ ಪುರಸಭೆಯದು. ಮೇಯರ್ ಇಬ್ಬರು, ಚರ್ಚು ಎರಡು. ಅದನ್ನು ಬಗೆಹರಿಸಬೇಕು ಅಂತ ಯಾರಿಗೂ ಆತುರ ಕಾಣಲಿಲ್ಲ. ಪೋಡಿ ಮಾಡಿಸಿಬಿಟ್ಟರೆ ಪ್ರವಾಸಿಗರು ಯಾಕೆ ಬರುತ್ತಾರೆ ಅಂತ ತಂಗುಮನೆಯ ಅಜ್ಜಿ ಕೇಳಿದ್ದರು.

ವಾಪಸ್ ಬರುವಾಗ ಮಳೆ ಹಿಡಿಯಿತು, ಮಳೆಯ ಜೊತೆಗೇ ನನ್ನ ಹಿಂದಿನ ಚಕ್ರ ಪಂಕ್ಚರು. ನಿಂತದ್ದು ಒಂದು ಸ್ಟ್ರಾಬೆರಿ ಗೂಡಂಗಡಿಯ ಮಾಡಿನ ಕೆಳಗೆ. ಅಂಗಡಿಯಲ್ಲಿ ಮನುಷ್ಯರಿಲ್ಲ. ಹಣ್ಣಿನ ಡಬ್ಬಿಗಳು, ಪಕ್ಕದಲ್ಲಿ ದುಡ್ಡು ಹಾಕಲು ತಗಡಿನ ಡಬ್ಬ. ಇಂಥ ಕಡೆ ಕಾರ್ಡು ನಡೆಯುವುದಿಲ್ಲ, ಚಿಲ್ಲರೆ ಇಟ್ಟುಕೊಂಡಿರಬೇಕು. ಮಗ ಟ್ಯೂಬು ಬಿಚ್ಚಿ ಕೂತ, ತೂತು ಸಿಗಲಿಲ್ಲ. ತೋಟದಿಂದ ಬೂಟು ತುಂಬ ಕೆಸರು ಮಾಡಿಕೊಂಡು ರೈತ ಬಂದ. ಮಾತಾಡದೆ ಟ್ಯೂಬು ಕಿತ್ತುಕೊಂಡು, ಮಳೆ ನೀರು ತುಂಬಿದ್ದ ಹಣ್ಣಿನ ಟ್ರೇಯಲ್ಲಿ ಮುಳುಗಿಸಿ ಗುಳ್ಳೆ ತೋರಿಸಿದ. ನಮ್ಮೂರ ಸೈಕಲ್ ಶಾಪಿನವನೂ ಹೀಗೇ, ಬಾಂಡ್ಲಿಯಲ್ಲಿ. ತೇಪೆ ಹಾಕಿ ಮುಗಿಸಿ ಇದು ಯಾವ ದೇಶ ಅಂತ ಕೇಳಿದೆ. ಅವನು ಸುತ್ತ ನೋಡಿ, ಸ್ವಲ್ಪ ಯೋಚಿಸಿ, ಸ್ಟ್ರಾಬೆರಿ ಸಾಲುಗಳ ಕಡೆ ಕೈ ಬೀಸಿ ಬೆಲ್ಜಿಯಂ ಅಂದ, ಗೂಡಂಗಡಿಯ ಕಡೆ ತೋರಿಸಿ ನೆದರ್‌ಲ್ಯಾಂಡ್ಸ್ ಅಂದ. ದುಡ್ಡು ತಗೊಳ್ಳಲಿಲ್ಲ. ಎರಡು ಡಬ್ಬಿ ಹಣ್ಣು ಕೊಂಡು, ತಗಡಿನ ಡಬ್ಬಕ್ಕೆ ಮೂರರ ದುಡ್ಡು ಹಾಕಿ, "ಹೌದು" ಅಂದೆ. "ಹೌದೂ" ಅಂದ.

ಊರಿಗೆ ಬಂದು ಚೀಲ ಎತ್ತಿಕೊಂಡು ಮತ್ತೆ ರೈಲಿನ ದಾರಿ ಹಿಡಿದೆವು. ಈ ಸಲ ಗಾಳಿ ಬೆನ್ನಿಗಿತ್ತು. ಟಿಲ್ಬರ್ಗ್‌ವರೆಗೆ ಬ್ಯಾಟರಿ ಹಾಕಲೇ ಇಲ್ಲ ಅನ್ನುವುದನ್ನೂ ಬರೆಯಬೇಕಲ್ಲ.

ರಾತ್ರಿ ಮನೆಯಲ್ಲಿ ಸ್ಟ್ರಾಬೆರಿ ತಿನ್ನುತ್ತ ಮೊಮ್ಮಗಳಿಗೆ ಬಾರ್ಲೆಯ ನಕಾಶೆ ಬರೆದು ತೋರಿಸುತ್ತಿದ್ದೆ. ಇವಳು ಚೀಲ ಪೂರ್ತಿ ಹುಡುಕಿ ಬಂದು, "ಚಟ್ನಿಪುಡಿ ಡಬ್ಬಿ ಎಲ್ರಿ?" ಅಂದಳು. ಕೋಣೆಯಲ್ಲೇ ಬಿಟ್ಟು ಬಂದಿದ್ದೆ.

"ಯಾವ ದೇಶದಲ್ಲಿ ಬಿಟ್ಟು ಬಂದ್ರಿ?"

ಯೋಚಿಸಿದೆ. ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರೆ ಬೆಲ್ಜಿಯಂ. ದಿಂಬಿನ ಪಕ್ಕವಾಗಿದ್ದರೆ ನೆದರ್‌ಲ್ಯಾಂಡ್ಸ್.

"ಬಾಗಿಲು ಇರೋ ಕಡೆ ಲೆಕ್ಕ ಹಾಕೋದಾದ್ರೆ ನೆದರ್‌ಲ್ಯಾಂಡ್ಸ್ ಅಜ್ಜಿ" ಅಂದಳು ಮೊಮ್ಮಗಳು, ನಕಾಶೆಯಿಂದ ತಲೆ ಎತ್ತದೆ.